ಎರವಲು ಮಗಳು

ಆ ಫಾರ್ಮನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಬೆಳಕು. ನೆನಪಿನಲ್ಲಿ ಅಲ್ಲಿ ಯಾವಾಗಲೂ ಬೆಳಗಿನ ಏಳಕ್ಕೆ ಸ್ವಲ್ಪ ಮುಂಚಿನ ಹೊತ್ತು. ಸೂರ್ಯ ಇನ್ನೂ ಬಂದಿಲ್ಲ, ಹುಲ್ಲಿನ ಮೇಲೆ ಮೊಣಕಾಲೆತ್ತರಕ್ಕೆ ಮಂಜಿನಂಥದೇನೋ ನಿಂತಿದೆ, ಅದರೊಳಗೆ ಹೊಕ್ಕ ಕುರಿಗಳಿಗೆ ಕಾಲುಗಳಿಲ್ಲ. ಬೆನ್ನುಗಳಷ್ಟೇ ಸಾಲಾಗಿ ತೇಲಿಕೊಂಡು ಹೋಗುತ್ತಿವೆ. ಅವುಗಳ ಹಿಂದೆ ಅಪ್ಪ ನಾಲಗೆ ಮಡಚಿ ಹುರ್‍ರ್ ಅನ್ನುತ್ತಾ ನಡೆಯುತ್ತಿದ್ದಾನೆ. ಅಪ್ಪನ ಆಚೆ ತೆಳ್ಳಗೆ ಬೂದುಬಣ್ಣದ ನೀರು, ನೀರಿನಾಚೆ ಇನ್ನೊಂದು ದೇಶದ ಗುಡ್ಡ. ಅಲ್ಲಿ ಮಧ್ಯಾಹ್ನವೇ ಆಗುತ್ತಿರಲಿಲ್ಲವೇನೋ ಅನ್ನುವ ಹಾಗೆ ಈ ಒಂದೇ ಚಿತ್ರ ಉಳಿದುಬಿಟ್ಟಿದೆ. ಇದನ್ನು ಅವ್ವನಿಗೆ ಹೇಳಿದರೆ ನಗುತ್ತಾಳೆ.

"ಬಿಸಲಾಗ ನೆತ್ತಿ ಸುಟಗೊಂಡು ಹುಲ್ಲು ಕೊಯ್ದಾಕಿ ನಾನು. ನೀ ಮಂಜು ನೋಡಕೋತ ಕುಂತಿದ್ದಿ."

ನನ್ನ ಮಕ್ಕಳಂತೂ ನಂಬುವುದೇ ಇಲ್ಲ. ಸಿಂಗಪುರದಲ್ಲಿ ಕುರಿ ಫಾರ್ಮಿನಲ್ಲಿ ಬೆಳೆದವಳು ನಾನು ಅಂದರೆ ಚಿಕ್ಕವಳು ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಡೋಂಟ್ ಬ್ಲಫ್ ಲಾ," ಅನ್ನುತ್ತಾಳೆ. ಅವಳದೇನೂ ತಪ್ಪಿಲ್ಲ. ನಾವೀಗ ಇರುವ ಚೋವಾ ಚು ಕಾಂಗ್‌ನ ಹನ್ನೊಂದನೇ ಮಹಡಿಯ ಕಿಟಕಿಯಿಂದ ಕಾಣುವುದು ಎದುರು ಬ್ಲಾಕಿನ ಒಣಹಾಕಿದ ಬಟ್ಟೆಗಳು ಮಾತ್ರ. ಆದರೆ ಇದೇ ರಸ್ತೆ ಹಿಡಿದು ಹೊರಟು, ಗೋರಿಗಳ ಬಯಲು ದಾಟಿ, ಬಸ್ಸು ತಿರುಗಿಸಿಕೊಳ್ಳುವ ಕೊನೆಯ ಜಾಗದಲ್ಲಿ ಇಳಿದು, ಕೆಂಪು ಮಣ್ಣಿನ ದಾರಿಯಲ್ಲಿ ಅರ್ಧ ಗಂಟೆ ನಡೆದರೆ ನಮ್ಮ ಮನೆ ಸಿಗುತ್ತಿತ್ತು. ನನಗಾಗ ಆರು ವರ್ಷ.

ಆ ಜಾಗದ ಯಜಮಾನ ಒಬ್ಬ ಚೀನೀ ಮುದುಕ. ಎಲ್ಲರೂ ಅವನನ್ನು ತೌಕೆ ಅನ್ನುತ್ತಿದ್ದರು, ಯಜಮಾನ ಅಂತಲೇ ಅದರ ಅರ್ಥ. ಮೊದಲು ಅಲ್ಲಿ ಕೋಳಿ ಸಾಕಿದ್ದ. ಕೋಳಿ ಸಾಕುವುದು ನಿಂತ ಮೇಲೆ ಅವನಿಗೆ ಕುರಿಯ ಹುಚ್ಚು ಹಿಡಿಯಿತು. ಆ ಮಳೆಯ ನೆಲದಲ್ಲಿ ಕುರಿ ಬದುಕುವುದಿಲ್ಲ ಎಂದು ಎಲ್ಲರೂ ಹೇಳಿದ್ದರಂತೆ. ಅವನು ಯಾರ್‍ಯಾರನ್ನೋ ಕೇಳಿ, ಎಲ್ಲಿಂದೆಲ್ಲಿಗೋ ಕಾಗದ ಬರೆಸಿ, ರಾಣೆಬೆನ್ನೂರಿನ ಕಡೆಯ ಎರಡು ಸಂಸಾರಗಳನ್ನು ಕರೆಸಿಕೊಂಡ. ಒಂದು ನಮ್ಮದು. ಅಪ್ಪ ಹುಟ್ಟಿನಿಂದಲೇ ಕುರಿಯವನು. ಕುರಿಯ ಮುಖ ನೋಡಿ ಅದರ ಹೊಟ್ಟೆಯ ಸಂಗತಿ ಹೇಳುತ್ತಿದ್ದ. ಇನ್ನೊಂದು ಶಿವಪುತ್ರ ಕಾಕಾನದು. ಅವನು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು, ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಹೊಲಿಗೆ ಹಾಕುವುದು ಅವನ ಪಾಲಿಗೆ. ಅವನ ಹೆಂಡತಿ ನೀಲಮ್ಮ ಕಾಕು ಬರುವಾಗಲೇ ಐದು ತಿಂಗಳ ಬಸುರಿ. ರಕ್ತಸಂಬಂಧ ಏನೂ ಇರಲಿಲ್ಲ. ಆದರೆ ಆ ಬಯಲಿನಲ್ಲಿ ಬೇರೆ ಮನುಷ್ಯರೇ ಇಲ್ಲದ ಮೇಲೆ ಅಂಕಲ್, ಆಂಟಿ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಹಳೆಯ ಕೋಳಿ ಶೆಡ್ಡೇ ನಮ್ಮ ಮನೆಯಾಯಿತು. ಅಪ್ಪ, ಕಾಕಾ ಇಬ್ಬರೂ ಸೇರಿ ನಡುವೆ ಹಲಗೆ ಹೊಡೆದು ಎರಡು ಮನೆ ಮಾಡಿದರು, ತಗಡಿನ ಸೂರು ಎರಡಕ್ಕೂ ಒಂದೇ. ಎಷ್ಟು ತೊಳೆದರೂ ನೆಲದಿಂದ ಕೋಳಿಯ ವಾಸನೆ ಹೋಗಲಿಲ್ಲ. ಮಳೆ ಬಂದ ದಿನ ಗೋಡೆಯೊಳಗೆ ಯಾವುದೋ ಹಳೆಯ ಕೋಳಿ ಇನ್ನೂ ಕೂತಿದೆ ಅನ್ನಿಸುತ್ತಿತ್ತು. ಮೊದಲ ತಿಂಗಳುಗಳಲ್ಲಿ ದೊಡ್ಡವರು ಮಾಡಿದ ಕೆಲಸ ಈಗ ನೆನೆದರೆ ಕೈ ನೋಯುತ್ತದೆ. ಕುರಿಯ ಗೊರಸು ಒದ್ದೆಯಲ್ಲಿ ಕೊಳೆಯುತ್ತದೆಂದು ನೆಲದಿಂದ ಸೊಂಟದೆತ್ತರಕ್ಕೆ ಹಲಗೆಯ ಅಟ್ಟ ಕಟ್ಟಿದರು, ಹಿಕ್ಕೆ ಕೆಳಗೆ ಬೀಳುವ ಹಾಗೆ ನಡುವೆ ಸಂದು ಬಿಟ್ಟು. ಆಳೆತ್ತರದ ಲಾಲಂಗ್ ಹುಲ್ಲು ಸವರಿ, ಕುರಿ ತಿನ್ನುವ ಹುಲ್ಲು ನೆಟ್ಟರು. ಉಡಗಳು ನಮ್ಮನ್ನು ನೋಡಲು ಬಂದು ದಾರಿಯಲ್ಲಿ ಕೂರುತ್ತಿದ್ದವು. ಒಮ್ಮೆ ಹೆಬ್ಬಾವೊಂದು ನೀರಿನ ಡ್ರಮ್ಮಿನ ಸುತ್ತ ಸುತ್ತಿಕೊಂಡು ಎರಡು ದಿನ ಮಲಗಿತ್ತು. ಅದು ಏಳುವ ತನಕ ಅವ್ವ ಬೇರೆ ಡ್ರಮ್ಮಿನಿಂದ ನೀರು ತಂದಳು.

ಕುರಿಗಳ ದಾಣಿಗೆಂದು ಬರುತ್ತಿದ್ದ ಚೀಲಗಳಲ್ಲಿ ಒಂದು ದಿನ ಅವ್ವನಿಗೆ ಜೋಳ ಕಂಡಿತು. ಕೆಂಪು ಜೋಳ, ಸಣ್ಣ ಕಾಳು. ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಅವ್ವ, ಕಾಕು ಇಬ್ಬರೂ ಎದುರುಬದುರು ಕೂತು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ತೌಕೆಯ ಸೋಯಾ ರುಬ್ಬುವ ಬೀಸುಕಲ್ಲಿನಲ್ಲಿ ಬೀಸಿದರು. ಆ ರೊಟ್ಟಿ ಬಿರುಕು ಬಿಟ್ಟಿತು, ಬಣ್ಣವೂ ಚೆನ್ನಾಗಿರಲಿಲ್ಲ. ಆದರೂ ಆ ದಿನ ಎರಡೂ ಮನೆಯಲ್ಲಿ ತಟ್ಟುವ ಸಪ್ಪಳ ಒಟ್ಟಿಗೆ ಕೇಳಿತು, ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರದು. ನಮ್ಮ ಕಡೆ ತಟ್ಟಿದ್ದನ್ನು ಆ ಕಡೆ ಕೊಡುವಂತಿರಲಿಲ್ಲ. ಕಾಕು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ನಮ್ಮ ಮನೆಯಲ್ಲಿ ಮಾಂಸ ಬೇಯುತ್ತಿತ್ತು. ಅವಳು ನಮ್ಮಲ್ಲಿ ಚಹಾ ಕೂಡ ಕುಡಿಯುತ್ತಿರಲಿಲ್ಲ. ಅವ್ವ ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಗಂಡುಕುರಿಗಳನ್ನು ಒಯ್ಯಲು ಲಾರಿ ಬಂದ ದಿನ ಕಾಕು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಲಾರಿ ಹೋದ ಮೇಲೆ ಅವ್ವನೇ ಹೋಗಿ, "ಲಾರಿ ಹೋತವಾ, ಬಾ ಹೊರಗ," ಅಂತ ಕರೆಯುತ್ತಿದ್ದಳು.

ಕಾಕೂನ ಕೂಸು ಹೆಣ್ಣು. ಆಸ್ಪತ್ರೆಯಲ್ಲಿ ಹುಟ್ಟಿ ಎರಡೇ ದಿನ ಬದುಕಿತ್ತು. ನಾನದನ್ನು ನೋಡಲೇ ಇಲ್ಲ. ತೌಕೆಯ ವ್ಯಾನಿನಿಂದ ಕಾಕು ಇಳಿದದ್ದು ಮಾತ್ರ ನೋಡಿದೆ. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು, ಅದರಲ್ಲಿ ಮಡಚಿದ ಬಟ್ಟೆಗಳಿದ್ದವು. ಅವಳು ಯಾರನ್ನೂ ನೋಡದೆ ಒಳಗೆ ಹೋಗಿ ಮಲಗಿದಳು. ಮರುದಿನವೂ ಏಳಲಿಲ್ಲ, ಅದರ ಮರುದಿನವೂ ಇಲ್ಲ. ಕಾಕಾ ತಾನೇ ಅನ್ನ ಮಾಡಿ ತಟ್ಟೆಯಲ್ಲಿಟ್ಟು ಕೆಲಸಕ್ಕೆ ಬರುತ್ತಿದ್ದ, ತಿರುಗಿ ಹೋದಾಗ ತಟ್ಟೆ ಹಾಗೇ ಇರುತ್ತಿತ್ತು. ಅವ್ವ ಹೋಗಿ ತಲೆಗೆ ಎಣ್ಣೆ ಹಚ್ಚಿದಳು, ಎದೆಗೆ ಬಟ್ಟೆ ಕಟ್ಟಿದಳು, ಕೂತು ಮಾತಾಡಿದಳು. ಕಾಕು ಸೂರಿನ ತಗಡನ್ನೇ ನೋಡುತ್ತಿದ್ದಳು.

ಅದೇ ವಾರ ಅಟ್ಟದ ಮೇಲೆ ನಡೆದದ್ದನ್ನು ನಾನು ನೋಡಿದ್ದೆ. ಒಂದು ಕುರಿಯ ಮರಿ ಹುಟ್ಟುತ್ತಲೇ ಸತ್ತಿತ್ತು, ಇನ್ನೊಂದು ಕುರಿ ಎರಡು ಮರಿ ಹಾಕಿ ಒಂದಕ್ಕೆ ಹಾಲು ಸಾಲುತ್ತಿರಲಿಲ್ಲ. ಅಪ್ಪ ಸತ್ತ ಮರಿಯ ಚರ್ಮ ಸುಲಿದು, ಅಂಗಿ ತೊಡಿಸಿದ ಹಾಗೆ ಆ ಹಾಲು ಸಾಲದ ಮರಿಗೆ ಕಟ್ಟಿ, ಮರಿಯಿಲ್ಲದ ತಾಯಿಯ ಮುಂದೆ ಬಿಟ್ಟ. ಅದು ಮೂಸಿತು. ಮೊದಲು ತಲೆಯಿಂದ ದೂಡಿತು, ಮತ್ತೆ ಮೂಸಿತು, ಕೊನೆಗೆ ಸುಮ್ಮನೆ ನಿಂತು ಹಾಲು ಬಿಟ್ಟಿತು. ನನ್ನ ಪಕ್ಕದಲ್ಲಿ ಅವ್ವನೂ ನಿಂತು ನೋಡುತ್ತಿದ್ದಳು. ಮರುದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವ್ವ ನನ್ನ ಎರಡು ಫ್ರಾಕು, ಚಾಪೆ, ಹಣಿಗೆ ಎಲ್ಲ ಒಂದು ಗಂಟು ಕಟ್ಟಿಟ್ಟಿದ್ದಳು.

"ಕಾಕೂನ ಮನಿಗೆ ಹೋಗು. ಹಸಿವಾಗೇತಿ ಅನ್ನು."

"ನಾ ಇಲ್ಲೇ ಉಣ್ಣತೀನವ್ವಾ."

"ಇಲ್ಲೆ ಅಡಗಿ ಮಾಡಿಲ್ಲ. ಹೋಗು. ಆಕಿ ಎದ್ದು ನೀಡೂತನಕಾ ಅಲ್ಲೇ ಕುಂದರು, ತಿರುಗಿ ಬರಬ್ಯಾಡ."

ನಾನು ಹೋಗಿ ಕಾಕೂನ ಹಾಸಿಗೆಯ ಪಕ್ಕ ಕೂತೆ. ಹಸಿವಾಗಿದೆ ಅಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದೆ. ಹೊರಗೆ ಮೋಡ ಮುಚ್ಚಿ ಮನೆಯೊಳಗೆ ನೀರಿನ ತಳದಂಥ ಕತ್ತಲಾಗಿತ್ತು. ನಿಜಕ್ಕೂ ಹಸಿವಾಗಿ ನನಗೆ ಅಳು ಬಂತು, ಬೇಕೆಂದು ಅತ್ತದ್ದಲ್ಲ. ಆಗ ಕಾಕು ಗೋಡೆ ಹಿಡಿದು ಎದ್ದಳು. ಒಲೆ ಹಚ್ಚಿದಳು. ಅವಲಕ್ಕಿ ಒಗ್ಗರಿಸಿ ನನ್ನ ಮುಂದಿಟ್ಟು, ನಾನು ತಿನ್ನುವುದನ್ನು ನೋಡುತ್ತಾ, ಕೊನೆಗೆ ತಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

ಹೀಗೆ ನಾನು ಕಾಕೂನ ಮನೆಯವಳಾದೆ. ಅಲ್ಲೇ ಊಟ, ಅಲ್ಲೇ ನಿದ್ದೆ. ಶಾಲೆಯ ಬಸ್ಸಿಗೆ ಬಿಡಲು ಮಣ್ಣಿನ ದಾರಿಯಲ್ಲಿ ಅವಳೇ ಬರುತ್ತಿದ್ದಳು. ಎಷ್ಟು ದಿನ ಎಂದು ನನಗೆ ತಿಳಿಯದು, ಅವ್ವ ಎರಡು ತಿಂಗಳು ಅನ್ನುತ್ತಾಳೆ. ನನಗೆ ಅದು ಬಾಲ್ಯದ ಅರ್ಧದಷ್ಟು ಉದ್ದ. ಅಲ್ಲಿ ಎಲ್ಲಕ್ಕೂ ಒಂದು ಕ್ರಮವಿತ್ತು. ಬೆಳಗ್ಗೆ ಜಳಕ, ಹಣೆಗೆ ವಿಭೂತಿ. ಅವಳು ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆ ಮಾಡುವಾಗ ನಾನು ಪಕ್ಕದಲ್ಲಿ ಕೂತು ಹೂವು ಕೊಡಬೇಕು. ಆ ಹೊತ್ತಿನಲ್ಲಿ ಅವಳ ಮುಖದಲ್ಲಿ ಬರುವ ನಿಶ್ಚಲತೆಯನ್ನು ನೋಡುವುದೆಂದರೆ ನನಗಿಷ್ಟ, ನಾನೇ ಇಲ್ಲವೇನೋ ಅನ್ನಿಸುತ್ತಿತ್ತು. ನಾನು ನಮ್ಮ ಮನೆಗೆ ಹೋಗಿ ಅವ್ವನ ತೊಡೆಯ ಮೇಲೆ ಒಂದು ಗಳಿಗೆ ಬಿದ್ದುಕೊಂಡು ಬಂದರೂ ಕಾಕು ಬಾಗಿಲಲ್ಲೇ ಕೈಕಾಲು ತೊಳೆಸುತ್ತಿದ್ದಳು. ಏನಾದರೂ ತಿಂದು ಬಂದಿದ್ದರೆ ಬಾಯಿ ತೊಳೆಸಿ ಮತ್ತೆ ಜಳಕ. ಅವ್ವ ಕಟ್ಟೆಯ ಮೇಲೆ ಹುಲ್ಲಿನ ಪೆಂಡಿ ಕಟ್ಟುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ನಾನು ಮಾತ್ರ ಇಬ್ಬರಿಗೂ ಬೇಜಾರಾಗದ ಹಾಗೆ ನಡೆಯಲು ಕಲಿತೆ. ಅವ್ವನ ಹತ್ತಿರ ಕಾಕೂನ ಸಾರು ಸಪ್ಪೆ ಅನ್ನುವುದು, ಕಾಕೂನ ಹತ್ತಿರ ಅವ್ವನ ಹೆಸರೇ ಎತ್ತದಿರುವುದು. ಎದುರಿಗಿರುವವರ ಮುಖ ಓದಿ ಮಾತು ತೂಗುವ ನನ್ನ ಈ ಗುಣ ನನ್ನ ಗಂಡನಿಗೆ ಈಗಲೂ ಹಿಡಿಸುವುದಿಲ್ಲ. ಅದು ಆ ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತಾ ಬಂದದ್ದು.

ಕಾಕು ನನ್ನನ್ನು ಗೌರಾ ಎಂದು ಕರೆಯಲು ಶುರು ಮಾಡಿದ್ದು ಯಾವತ್ತು, ಗೊತ್ತಿಲ್ಲ. ತನ್ನ ಕೂಸಿಗೆಂದು ಆರಿಸಿಟ್ಟಿದ್ದ ಹೆಸರು ಅದು, ಮೊದಲು ಬಾಯಿತಪ್ಪಿ ಅಂದಿರಬೇಕು. ಆಮೇಲೆ ಅದೇ ರೂಢಿಯಾಯಿತು, ನಾನೂ ಓಗೊಟ್ಟೆ. ತೊಟ್ಟಿಲಿಗೆಂದು ಊರಿಂದ ತಂದಿಟ್ಟುಕೊಂಡಿದ್ದ ಹಸಿರು ಇಳಕಲ್ ಸೀರೆಯನ್ನು ಅವಳು ಒಂದು ದಿನ ಕತ್ತರಿಸಿ ನನಗೆ ಪರಕಾರ ಹೊಲಿದಳು. ಕೆಂಪು ದಡಿಯ ಲಂಗ, ನೆಲ ಮುಟ್ಟುವಷ್ಟು ಉದ್ದ. ಅದನ್ನುಟ್ಟು ಗಿರ್‍ರನೆ ತಿರುಗಿದರೆ ಸುತ್ತ ಹಸಿರು ಬಯಲೇ ಎದ್ದು ತಿರುಗಿದಂತೆ. ಅದನ್ನುಟ್ಟುಕೊಂಡೇ ಕುರಿಗಳ ಹತ್ತಿರ ಹೋದೆ. ಅವ್ವ ಅಟ್ಟದ ಆ ತುದಿಯಲ್ಲಿ ನೀರು ಹಾಕುತ್ತಿದ್ದಳು.

"ಲಚ್ಚೀ," ಅಂದಳು.

ನಾನು ತಿರುಗಲಿಲ್ಲ. ಬೇಕೆಂದಲ್ಲ, ಆ ಹೆಸರು ಯಾರದೋ ಅನ್ನುವ ಹಾಗೆ ಕಿವಿಯ ಪಕ್ಕದಿಂದ ಹೋಯಿತು. ಅವ್ವ ಮತ್ತೊಮ್ಮೆ ಕರೆದಳು. ಅಷ್ಟರಲ್ಲಿ ಮನೆಯ ಕಡೆಯಿಂದ ಕಾಕು ಗೌರಾ ಅಂದಳು, ನಾನು ಥಟ್ಟನೆ ಹೊರಳಿ, ಬಂದೆ ಅಂದೆ. ಅವ್ವನ ಕೈಯಲ್ಲಿದ್ದ ಬಕೆಟ್ಟು ಹಾಗೇ ನಿಂತಿತು. ಅವಳು ನನ್ನ ಪರಕಾರ ನೋಡಿದಳು. ಬಕೆಟ್ಟು ಕೆಳಗಿಟ್ಟು ಬಂದು ನನ್ನ ರಟ್ಟೆ ಹಿಡಿದು ಕಾಕೂನ ಬಾಗಿಲಿಗೆ ಕರೆದೊಯ್ದಳು.

"ಆಕಿ ಹೆಸರು ಲಚ್ಚಿ."

"ಗೊತ್ತೈತಿ ಯಕ್ಕಾ."

"ಗೊತ್ತಿದ್ರ ಹಂಗ ಕರಿ."

"ಬಾಯಿಗೆ ಅದ ಬರತೈತಿ. ನಾ ಏನ ಮಾಡ್ಲಿ."

"ಜಳಕಾ ಮಾಡಿಸಿದಿ, ಸುಮ್ನಿದ್ದೆ. ನನ್ನ ಕೈಯಾಗ ಉಂಡದ್ದಕ್ಕ ಬಾಯಿ ತೊಳಸಿದಿ, ಸುಮ್ನಿದ್ದೆ. ಈಗ ಹೆಸರೂ ತೊಳದೆಲ್ಲ ನೀಲವ್ವಾ."

ಅವ್ವ ಅಲ್ಲೇ, ಬಾಗಿಲಲ್ಲೇ, ನನ್ನ ಪರಕಾರ ಬಿಚ್ಚಿ ಕಾಕೂನ ಕೈಗೆ ಕೊಟ್ಟಳು. ನಾನು ಚಡ್ಡಿಯಲ್ಲಿ ನಿಂತಿದ್ದೆ. ಕಾಕು ಅದನ್ನು ತೆಗೆದುಕೊಂಡು ಸಾವಕಾಶವಾಗಿ ಮಡಚಿದಳು, ಆಸ್ಪತ್ರೆಯಿಂದ ತಂದ ಬಟ್ಟೆಗಳನ್ನು ಮಡಚಿದ್ದ ಹಾಗೆಯೇ. ಅವಳು ಜಗಳಕ್ಕೆ ಬಂದಿದ್ದರೆ ಅವ್ವನಿಗೆ ಹಗುರಾಗುತ್ತಿತ್ತೇನೋ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ಎರಡೂ ಮನೆಗಳ ನಡುವೆ ಮಾತು ನಿಂತಿತು. ಅಪ್ಪ, ಕಾಕಾ ದಿನವಿಡೀ ಒಂದೇ ಹುಲ್ಲಿನ ಗಾಡಿ ತಳ್ಳುತ್ತಿದ್ದರು, ಕುರಿಯ ಕಾಲು ಇಬ್ಬರೂ ಹಿಡಿದು ಗೊರಸು ಕತ್ತರಿಸುತ್ತಿದ್ದರು, ಆದರೆ ಮನೆಯ ಸಂಗತಿ ಬಂದರೆ ಇಬ್ಬರೂ ಆಕಾಶ ನೋಡುತ್ತಿದ್ದರು. ನಾನು ಅವ್ವನ ಮಗ್ಗುಲಲ್ಲಿ ಮತ್ತೆ ಮಲಗಿದೆ. ಬೇಕಾಗಿದ್ದೂ ಅದೇ. ಆದರೂ ಬೆಳಗ್ಗೆ ಹಲಗೆಯ ಆಚೆ ಪೂಜೆಯ ಹೊತ್ತಾದಾಗ ನನ್ನ ಕೈ ಹೂವಿಗೆ ತಡಕಾಡುತ್ತಿತ್ತು. ಒಂದು ದಿನ ಕಾಕೂನ ಒಲೆಯ ಹೊಗೆ ಕಾಣಲಿಲ್ಲ. ಮರುದಿನವೂ ಕಾಣಲಿಲ್ಲ. ಅವ್ವ ಹೊರಗೆ ಬಂದು ಬಂದು ಆ ಕಡೆಯ ಕಿಟಕಿ ನೋಡಿದಳು. ಅಪ್ಪ ಊಟಕ್ಕೆ ಕೂತಾಗ, "ನಾ ತಪ್ಪು ಅಂದೆ ಏನ?" ಎಂದು ಕೇಳಿದಳು. ಅಪ್ಪ ತಟ್ಟೆ ನೋಡಿಕೊಂಡೇ, "ತಪ್ಪು ಅನಲಿಲ್ಲ, ಲಗೂನ ಅಂದಿ," ಅಂದ. ಅವ್ವ ಆ ಹೊತ್ತು ಉಣ್ಣಲಿಲ್ಲ.

ಹೀಗಿರುವಾಗ ಮಳೆ ಹಿಡಿಯಿತು. ವರ್ಷದ ಕೊನೆಯ ಮಳೆ ಅಲ್ಲಿ ದಿನವೂ ಇದ್ದದ್ದೇ, ಆದರೆ ಆ ಸಲ ಸಮುದ್ರದ ಉಬ್ಬರವೂ ಅದೇ ಹೊತ್ತಿಗೆ ಬಂತು. ಮೋರಿಯ ನೀರು ಹೋಗಲು ದಾರಿಯಿಲ್ಲದೆ ಹಿಂದಕ್ಕೆ ನುಗ್ಗಿ, ಮಧ್ಯಾಹ್ನ ಮೂರರ ಹೊತ್ತಿಗೆ ಬಯಲೆಲ್ಲ ನೀರಾಗಿ ಹೊಳೆಯಿತು. ನೋಡಲು ಬಹಳ ಚೆಂದವಿತ್ತು, ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಲೇ ಇದ್ದೆ. ಅಟ್ಟದ ಒಂದು ಮೂಲೆಯ ಕಂಬ ಕುಸಿದಾಗಲೇ ದೊಡ್ಡವರು ಓಡಿದ್ದು. ದೊಡ್ಡ ಕುರಿಗಳನ್ನು ಅಪ್ಪ, ಕಾಕಾ ದಿಬ್ಬದ ಕಡೆ ಹೊಡೆದರು. ಮರಿಗಳು ಉಳಿದವು, ಮೂವತ್ತಕ್ಕೂ ಹೆಚ್ಚು; ಅವು ಆ ನೀರಿನಲ್ಲಿ ನಡೆಯುವ ಹಾಗಿರಲಿಲ್ಲ. ನಮ್ಮ ಮನೆಯೊಳಗೆ ಆಗಲೇ ನೀರು. ಕಾಕೂನ ಕಡೆಯ ನೆಲ ಎರಡು ಗೇಣು ಎತ್ತರ, ಅದರಲ್ಲೂ ದೇವರ ಕೋಣೆ ಎಲ್ಲಕ್ಕಿಂತ ಮೇಲೆ.

ಅವ್ವ ಎರಡು ಮರಿಗಳನ್ನು ಕಂಕುಳಲ್ಲಿ ಹಿಡಿದು, ಸೊಂಟಮಟ್ಟ ನೀರಿನಲ್ಲಿ ಆ ಬಾಗಿಲ ಮುಂದೆ ಬಂದು ನಿಂತಳು. ಕರೆಯಲಿಲ್ಲ. ಏನು ಹೇಳಿ ಕರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ ಅನ್ನಿಸುತ್ತದೆ. ಬಾಗಿಲು ತಾನಾಗಿ ತೆರೆಯಿತು. ಕಾಕು ಬಿಚ್ಚುಗೂದಲಲ್ಲಿ ನಿಂತಿದ್ದಳು. ಮರಿಗಳನ್ನು ನೋಡಿದಳು, ಅವ್ವನ ಕೈಯಿಂದ ಒಂದೊಂದಾಗಿ ತೆಗೆದುಕೊಂಡಳು, ನೆಟ್ಟಗೆ ದೇವರ ಕೋಣೆಗೆ ಒಯ್ದು ಬಿಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ತಾನೂ ನೀರಿಗಿಳಿದಳು. ಅವ್ವ ಅಟ್ಟದಿಂದ ತರುವುದು, ಕಾಕು ನಡುನೀರಿನಲ್ಲಿ ಇಸಿದುಕೊಳ್ಳುವುದು, ನಾನು ಬಾಗಿಲಲ್ಲಿ ನಿಂತು ಒಳಗೆ ನೂಕುವುದು. ಒದ್ದೆ ಉಣ್ಣೆಯ ವಾಸನೆ, ಕೆಸರು, ಹಿಕ್ಕೆ, ಎಲ್ಲವೂ ಆ ತೊಳೆದ ನೆಲದ ಮೇಲೆ. ಒಂದು ಮರಿ ನನ್ನ ಕೈ ತಪ್ಪಿಸಿಕೊಂಡು ನೀರಿನ ಕಡೆಗೆ ಹಾರಿತು.

"ಲಚ್ಚೀ, ಅದನ್ನ ಹಿಡಿ," ಅಂದಳು ಕಾಕು.

ನಾನು ಹಿಡಿದೆ. ಅವ್ವ ನೀರಿನಲ್ಲಿ ನಿಂತಲ್ಲೇ ನಿಂತು ಕಾಕೂನ ಮುಖ ನೋಡಿದಳು. ಕಾಕು ಮುಂದಿನ ಮರಿಗೆ ಕೈ ಚಾಚಿದ್ದಳು.

ಕತ್ತಲಾಗುವ ಮುಂಚೆ ನೀರು ಇಳಿಯಿತು. ಐದು ಮರಿಗಳು ಹೋಗಿದ್ದವು, ಉಳಿದವು ದೇವರ ಕೋಣೆಯಲ್ಲಿ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡಿದವು. ಕಾಕೂನ ಅಡುಗೆಮನೆಯಲ್ಲೂ ಕಾಲಿಡಲು ಜಾಗವಿರಲಿಲ್ಲ. ಅವ್ವ ನಮ್ಮ ಕಡೆ ಕೆಸರು ಬಳಿದು ತೆಗೆದು, ಸೀಮೆಎಣ್ಣೆ ಸ್ಟೋವ್ ಹೊತ್ತಿಸಿ ರೊಟ್ಟಿ ತಟ್ಟಿದಳು. ಗಂಡಸರಿಗೆ ಕೊಟ್ಟಳು, ನನಗೆ ಕೊಟ್ಟಳು. ಕಾಕು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಅವ್ವ ಒಂದು ರೊಟ್ಟಿ ಹಿಡಿದು ಬಂದು ನಿಂತಳು.

"ಒಣಾ ರೊಟ್ಟಿ ಐತಿ. ಹಂಚೂ ಹೊಸಾದು. ತಿನ್ನಂಗಿದ್ರ ತಿನ್ನು, ಇಲ್ಲಂದ್ರ ಬ್ಯಾಡ, ನಾ ಏನೂ ಅನ್ನೂದಿಲ್ಲ."

ಕಾಕು ಎರಡೂ ಕೈಯಲ್ಲಿ ಇಸಿದುಕೊಂಡಳು. ತಿನ್ನುತ್ತಾ ತಿನ್ನುತ್ತಾ ಅಳಲು ಶುರು ಮಾಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತದ್ದು ನಾನು ನೋಡಿದ್ದು ಅದೇ ಮೊದಲು. ಅವ್ವ ಪಕ್ಕದಲ್ಲಿ ಕೂತಳು. ಆಮೇಲೆ ಕಾಕು ನನ್ನನ್ನು ಕರೆದು, "ಸಾಲಿ ಬಿಟ್ಟಮ್ಯಾಲೆ ದಿನಾ ನನ್ನ ಮನಿಗೆ ಬಾ, ಊಟ ಹಾಕತೀನಿ. ಮಕ್ಕೊಳ್ಳಾಕ ಅವ್ವನ ಹಂತೇಕ ಹೋಗು," ಅಂದಳು. ಹಾಗೆಯೇ ನಡೆಯಿತು, ಆ ಫಾರ್ಮು ಇರುವ ತನಕ.

ಅದು ಇನ್ನೂ ಏಳೆಂಟು ವರ್ಷ ಇತ್ತು. ತೌಕೆಗೆ ವಯಸ್ಸಾಯಿತು, ಜಾಗ ಬಿಟ್ಟುಕೊಡಬೇಕಾಯಿತು, ಕುರಿಗಳು ಹೋದವು. ನಾವು ಚೋವಾ ಚು ಕಾಂಗ್‌ಗೆ ಬಂದೆವು, ಕಾಕಾ, ಕಾಕು ಟೋವಾ ಪಾಯೋಗೆ. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಅಪ್ಪನೂ ಕಾಕಾನೂ ಈಗಿಲ್ಲ. ಕಾಕೂನನ್ನು ಮೊಣಕಾಲು ನೋವಿಗೆ ಆಗಾಗ ಕ್ಲಿನಿಕ್ಕಿಗೆ ಕರೆದೊಯ್ಯುವುದು ನನ್ನ ಕೆಲಸ. ಹೋದ ತಿಂಗಳು ಅಲ್ಲಿ ಹೊಸ ನರ್ಸ್ ಹುಡುಗಿಯೊಬ್ಬಳು ನನ್ನನ್ನು ತೋರಿಸಿ, "ಆಂಟಿ, ಯುವರ್ ಡಾಟರ್ ಆ?" ಎಂದು ಕೇಳಿದಳು. ಕಾಕು ನನ್ನ ಕಡೆ ನೋಡಿ ಸ್ವಲ್ಪ ಯೋಚಿಸಿ, "ಶೇರಿಂಗ್," ಅಂದಳು. ನರ್ಸಿಗೆ ಅರ್ಥವಾಗಲಿಲ್ಲ, ನಕ್ಕು ತನ್ನ ಕಾಗದದಲ್ಲಿ ಏನನ್ನೋ ಬರೆದುಕೊಂಡಳು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಬೀನ್ಸ್ ಸೋಸುತ್ತಾ ಕೂತಿದ್ದಳು, ಕೇಳಿ ನಕ್ಕಳು. ನಾನೂ ಒಂದು ಬದಿಗೆ ಕೂತು ಸೋಸತೊಡಗಿದೆ. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಆಗ ಕೇಳಿದೆ.

"ಅವತ್ತು ಗಂಟು ಕಟ್ಟಿ ಕಳಿಸಿದೆಲ್ಲವ್ವಾ, ನಾ ಅಲ್ಲೇ ಉಳದಬಿಟ್ಟಿದ್ರ? ಅಂಜಿಕಿ ಆಗಲಿಲ್ಲೇನು ನಿನಗ?"

"ಅಂಜಿಕಿ ಆಗದ ಇರತೈತೇನು. ದಿನಾ ಆಗತಿತ್ತು."

"ಮತ್ಯಾಕ ಕಳಿಸಿದಿ?"

ಅವ್ವ ಕೈಯಲ್ಲಿದ್ದ ಬೀನ್ಸಿನ ನಾರು ಎಳೆದು ತೆಗೆದು, ಮುರಿದು ಬುಟ್ಟಿಗೆ ಹಾಕಿದಳು.

"ಆಕಿ ಎದ್ಲಲ್ಲವಾ," ಅಂದಳು.